ಎಂಜಿನ್ ಹೊರಬರುವ ದಾರಿ ಗುಟ್ಟಾಗಿರಬೇಕೇ?

ಹಳೆಯ ಕಾರಿನ ಎಂಜಿನ್ ಅನ್ನು ಮನೆಯಲ್ಲೇ ಹೊರತೆಗೆಯಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ: ಬಾನೆಟ್ ಕಳಚಿ ಮೇಲಕ್ಕೆ ಎತ್ತುವುದೋ, ಗಾಡಿಯನ್ನು ಎತ್ತರಿಸಿ ಕೆಳಕ್ಕೆ ಇಳಿಸುವುದೋ? ಇದು ಹವ್ಯಾಸಿಗಳಿಗಷ್ಟೇ ಸೇರಿದ ಚರ್ಚೆಯಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ, ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಎಷ್ಟೋ ಮೆಕ್ಯಾನಿಕ್‌ಗಳಿಗೆ ಮನೆ ಮುಂದಿನ ಜಾಗವೇ ಗ್ಯಾರೇಜು. ತಗಡಿನ ಸೂರು, ಒಂದು ಕಬ್ಬಿಣದ ತೊಲೆ, ಅದಕ್ಕೆ ಕಟ್ಟಿದ ಚೈನ್ ಬ್ಲಾಕ್, ಎರಡು ಜಾಕ್; ಇಷ್ಟರಲ್ಲೇ ಎಂಜಿನ್ ಬಿಚ್ಚುವುದು, ಬೋರ್ ಮಾಡಿಸಿ ತಂದು ಮತ್ತೆ ಕೂರಿಸುವುದು ಎಲ್ಲವೂ ನಡೆಯಬೇಕು. ಹಳ್ಳಿ ಕಡೆ ಮರದ ಕೊಂಬೆಯೇ ತೊಲೆಯಾಗುವುದೂ ಉಂಟು. ಕೆಲಸ ಮಾಡುವವನ ಜೀವ ಮತ್ತು ಗಾಡಿ ಮಾಲೀಕನ ದುಡ್ಡು ಎರಡೂ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿವೆ. ಆ ಉತ್ತರವನ್ನು ಗಾಡಿ ತಯಾರಿಸಿದ ಕಂಪನಿ ತನ್ನ ವರ್ಕ್‌ಶಾಪ್ ಕೈಪಿಡಿಯಲ್ಲಿ ಬರೆದಿಟ್ಟಿರುತ್ತದೆ. ಆದರೆ ಅದು ಸಿಗಬೇಕಾದವರಿಗೆ ಸುಲಭವಾಗಿ ಸಿಗುವುದಿಲ್ಲ.

ಮೇಲೋ ಕೆಳಗೋ ಎಂಬುದನ್ನು ತೀರ್ಮಾನಿಸುವವನು ಮೆಕ್ಯಾನಿಕ್ ಅಲ್ಲ, ವಿನ್ಯಾಸಕಾರ. 2014ರವರೆಗೆ ತಯಾರಾದ ಅಂಬಾಸಿಡರ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂತಿತ್ತು, ಸುತ್ತ ಕೈಯಾಡಿಸಲು ಧಾರಾಳ ಜಾಗವಿತ್ತು. ಬಾನೆಟ್, ರೇಡಿಯೇಟರ್ ಕಳಚಿದರೆ ಎಂಜಿನ್ ಮೇಲಕ್ಕೇ ಬರುತ್ತಿತ್ತು. ಫೋಕ್ಸ್‌ವ್ಯಾಗನ್ ಬೀಟಲ್‌ದು ಇದಕ್ಕೆ ತದ್ವಿರುದ್ಧ. ಅದರ ಎಂಜಿನ್ ಹಿಂಬದಿಯಲ್ಲಿ, ಗೇರ್‌ಬಾಕ್ಸ್‌ಗೆ ನಾಲ್ಕೇ ಕಡೆ ಬೋಲ್ಟ್ ಆಗಿರುತ್ತದೆ. ವೈರು, ಕೇಬಲ್, ಪೆಟ್ರೋಲ್ ಪೈಪ್ ಬಿಡಿಸಿ, ಜಾಕ್ ಮೇಲೆ ಹಿಂದಕ್ಕೆ ಎಳೆದು ಕೆಳಗಿಳಿಸಿದರೆ ಮುಗಿಯಿತು. ನಮ್ಮ ರಸ್ತೆಗಳ ಮಾರುತಿ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನಡಿ ಇದೆ. ಅದಕ್ಕೂ ಕೆಳಗಿನ ದಾರಿಯೇ ಸಹಜ. ಈ ಮೂರೂ ಸರಳ ಗಾಡಿಗಳು. ಎಂಜಿನ್ ಯಾವ ಕಡೆಯಿಂದ ಬರುತ್ತದೆ ಎಂಬುದು ನೋಡಿದರೇ ತಿಳಿಯುತ್ತಿತ್ತು. ಹಾಗಾಗಿ ಕೈಪಿಡಿ ಇಲ್ಲದೆಯೂ ಒಂದು ತಲೆಮಾರಿನ ಮೇಸ್ತ್ರಿಗಳು ಈ ಕೆಲಸ ಕಲಿತರು, ಕಲಿಸಿದರು.

ಈಗಿನ ಕಾರುಗಳಲ್ಲಿ ಅದು ನಡೆಯದು. ಮುಂದಿನ ಚಕ್ರಗಳಿಗೇ ಶಕ್ತಿ ಕೊಡುವ ಬಹುತೇಕ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡಲಾಗಿ ಕೂರುತ್ತದೆ, ಗೇರ್‌ಬಾಕ್ಸ್ ಅದರ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಎಸಿ ಕಂಪ್ರೆಸರ್, ಪವರ್ ಸ್ಟೀರಿಂಗ್, ಎಬಿಎಸ್, ವೈರಿಂಗ್ ಎಲ್ಲವೂ ಅದೇ ಇಕ್ಕಟ್ಟಿನಲ್ಲಿ. ಹಲವು ಕಾರ್ಖಾನೆಗಳಲ್ಲಿ ಬಾಡಿಯನ್ನು ಮೇಲೆ ತೂಗುಹಾಕಿ, ಸಬ್‌ಫ್ರೇಮ್ ಮೇಲೆ ಜೋಡಿಸಿದ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೆ ಕೆಳಗಿನಿಂದ ಏರಿಸಿ ಕೂರಿಸುತ್ತಾರೆ. ಕೆಳಗಿನಿಂದ ಹೋದದ್ದು ಕೆಳಗಿನಿಂದಲೇ ಸಲೀಸಾಗಿ ಬರುತ್ತದೆ ಎಂಬುದು ಕಂಪನಿಯ ಲೆಕ್ಕ. ಆ ಲೆಕ್ಕದಲ್ಲಿ ಲಿಫ್ಟ್ ಇರುವ ಸರ್ವಿಸ್ ಸೆಂಟರ್ ಇದೆಯೇ ಹೊರತು, ಜಾಕ್ ಇಟ್ಟುಕೊಂಡ ಮೆಕ್ಯಾನಿಕ್ ಇಲ್ಲ.

ಎರಡೂ ದಾರಿಗಳಲ್ಲಿ ಅಪಾಯವಿದೆ, ಆದರೆ ಅವುಗಳ ಸ್ವರೂಪ ಬೇರೆ. ಮೇಲಕ್ಕೆ ಎತ್ತುವಾಗ ಭಾರ ಕಣ್ಣೆದುರಿಗೇ ಇರುತ್ತದೆ. ಬಾನೆಟ್, ರೇಡಿಯೇಟರ್, ಫ್ಯಾನ್, ಸೈಲೆನ್ಸರ್ ಪೈಪ್, ಡ್ರೈವ್ ಶಾಫ್ಟ್ ಬಿಡಿಸಿ, ಮೌಂಟಿಂಗ್ ಕಳಚಿ, ಗೊತ್ತುಪಡಿಸಿದ ಕೊಂಡಿಗಳಿಗೆ ಸರಪಳಿ ಹಾಕಿ ಇಂಚಿಂಚಾಗಿ ಎತ್ತಬೇಕು. ಎಂಜಿನ್ ತೂಗಾಡಿ ಬಾಡಿಗೆ ಬಡಿಯಬಹುದು, ಮರೆತ ಒಂದು ವೈರು ಕಿತ್ತುಬರಬಹುದು. ಬಾಡಿಗೆಗೆ ಸಿಗುವ ಎಂಜಿನ್ ಕ್ರೇನ್ ಕೂಡ ಮೋಸ ಮಾಡಬಲ್ಲದು. ಎರಡು ಟನ್ ಎಂದು ಬರೆದಿರುವ ಸಾಮಾನ್ಯ ಕ್ರೇನ್, ತೋಳನ್ನು ಪೂರ್ತಿ ಚಾಚಿದಾಗ ಹೊರುವುದು ಅರ್ಧ ಟನ್ ಮಾತ್ರ. ಆದರೂ ಇಲ್ಲಿ ಮನುಷ್ಯ ಪಕ್ಕದಲ್ಲಿ ನಿಂತಿರುತ್ತಾನೆ. ಸರಪಳಿ ಜಾರಿದರೆ ಹಿಂದೆ ಸರಿಯಲು ಜಾಗವಿರುತ್ತದೆ.

ಕೆಳಕ್ಕೆ ಇಳಿಸುವಾಗ ಅಪಾಯ ತಲೆಯ ಮೇಲಿರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಸಬ್‌ಫ್ರೇಮ್ ಕೆಳಗಿಳಿದು ಬಂಪರಿನಡಿ ಹಾದು ಹೊರಬರಬೇಕೆಂದರೆ ಗಾಡಿಯ ಮೂತಿಯನ್ನು ಎರಡು ಮೂರು ಅಡಿ ಎತ್ತಿ ನಿಲ್ಲಿಸಬೇಕು. ಮುಂಭಾಗದ ಭಾರವೆಲ್ಲ ಇಳಿದ ಕ್ಷಣದಲ್ಲಿ ಗಾಡಿಯ ತೂಕ ಹಿಂದಕ್ಕೆ ವಾಲುತ್ತದೆ. ಹಿಂಬದಿಗೆ ಆಸರೆ ಇಲ್ಲದಿದ್ದರೆ ಎರಡು ಕಂಬದ ಲಿಫ್ಟ್ ಮೇಲೂ ಕಾರು ಮಗುಚಬಹುದು. ಹೈಡ್ರಾಲಿಕ್ ಜಾಕ್ ಇರುವುದು ಎತ್ತಲಿಕ್ಕೇ ಹೊರತು ಹಿಡಿದು ನಿಲ್ಲಿಸಲಿಕ್ಕಲ್ಲ. ಸೀಲ್ ಸೋತರೆ ಎಚ್ಚರಿಕೆ ಕೊಡದೆ ಕುಸಿಯುತ್ತದೆ. ಇಟ್ಟಿಗೆ, ಹಾಲೋಬ್ಲಾಕ್ ಇಟ್ಟು ಗಾಡಿಯಡಿ ನುಸುಳುವುದು ಸಾವಿಗೆ ತೆರೆದ ಬಾಗಿಲು. ಗುಂಡಿ ತೋಡಿಕೊಂಡ ಗ್ಯಾರೇಜುಗಳಲ್ಲಿ ಇನ್ನೊಂದು ಅಪಾಯವಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು.

ಹೀಗಾಗಿ ಮನೆಯಲ್ಲಿ ಮಾಡುವವರಿಗೆ ನನ್ನ ಅಭಿಪ್ರಾಯ ಸ್ಪಷ್ಟ. ಮೇಲಿನಿಂದ ತೆಗೆಯಲು ಸಾಧ್ಯವಿರುವ ಗಾಡಿಯನ್ನು ಮೇಲಿನಿಂದಲೇ ತೆಗೆಯಿರಿ, ಎರಡು ದಿನ ಹೆಚ್ಚು ಹಿಡಿದರೂ ಸರಿ. ಕೆಳಗಿನ ದಾರಿಯೊಂದೇ ಇರುವ ಗಾಡಿಗೆ ಗಟ್ಟಿ ಕಾಂಕ್ರೀಟ್ ನೆಲ, ತಕ್ಕ ಸಾಮರ್ಥ್ಯದ ನಾಲ್ಕು ಸ್ಟ್ಯಾಂಡ್, ಜೊತೆಗೊಬ್ಬ ಅನುಭವಿ ಇಲ್ಲದಿದ್ದರೆ ಕೈ ಹಾಕಬೇಡಿ. ಎರಡರಲ್ಲೂ ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಬೇಕು. ಇಂಜೆಕ್ಷನ್ ಎಂಜಿನ್ನಿನ ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಅದನ್ನು ಮೊದಲು ಇಳಿಸಬೇಕು. ಎಸಿ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರವಿರುವವರಿಂದ ತೆಗೆಸಬೇಕು. ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ, ತೂಕಕ್ಕೆ ತೂಕ ಇಟ್ಟು ನೋಡಿದರೆ, ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸಬಲ್ಲದು. ಚೆಲ್ಲಿದ ಕೂಲೆಂಟ್ ಸಿಹಿಯಾಗಿದ್ದು ನಾಯಿ, ಬೆಕ್ಕುಗಳ ಜೀವ ತೆಗೆಯುತ್ತದೆ. ಹಳೆ ಆಯಿಲ್ ಮೋರಿಗೆ ಸುರಿಯುವಂಥದ್ದಲ್ಲ. ಅದು 2016ರ ನಿಯಮಗಳಡಿ ಅಪಾಯಕಾರಿ ತ್ಯಾಜ್ಯ.

ಇಷ್ಟು ಎಚ್ಚರ ವಹಿಸಿದರೂ ಸಾಲದು. ಯಾವ ಕೊಂಡಿಗೆ ಸರಪಳಿ ಹಾಕಬೇಕು, ಯಾವ ಮೌಂಟಿಂಗ್ ಕೊನೆಗೆ ಬಿಚ್ಚಬೇಕು, ಸಬ್‌ಫ್ರೇಮಿನ ಯಾವ ಬೋಲ್ಟ್ ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬಾರದು, ಎಷ್ಟು ಬಿಗಿ ಮಾಡಬೇಕು, ಸ್ಟೀರಿಂಗ್ ಬಿಡಿಸಿದ ಮೇಲೆ ಏರ್‌ಬ್ಯಾಗಿನ ಸುರುಳಿ ತುಂಡಾಗದಂತೆ ಹೇಗೆ ಲಾಕ್ ಮಾಡಬೇಕು. ಇವು ಒಂದೊಂದು ಮಾದರಿಗೂ ಬೇರೆ ಬೇರೆ. ಇವನ್ನು ಊಹಿಸಲಾಗದು. ಊಹೆ ತಪ್ಪಿದ ಗಾಡಿ ಮತ್ತೆ ಹೆದ್ದಾರಿಗೆ ಇಳಿದಾಗ ಅಪಾಯಕ್ಕೆ ಸಿಲುಕುವವರು ಮೆಕ್ಯಾನಿಕ್ ಒಬ್ಬನೇ ಅಲ್ಲ.

ಈ ಮಾಹಿತಿ ಯಾರಿಗೆ ಸಿಗಬೇಕು ಎಂಬ ಪ್ರಶ್ನೆಯನ್ನು ಜಗತ್ತು ಆಗಲೇ ಎದುರಿಸಿದೆ. ಐರೋಪ್ಯ ಒಕ್ಕೂಟ 2007ರ ನಿಯಮದಲ್ಲೇ ಕಾರುಗಳ ದುರಸ್ತಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ತಾರತಮ್ಯವಿಲ್ಲದೆ ಕೊಡಬೇಕೆಂದು ಕಡ್ಡಾಯ ಮಾಡಿತು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ 2012ರಲ್ಲಿ ಇದೇ ಬಗೆಯ ಕಾಯ್ದೆ ತಂದಿತು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು ₹2,545 ಕೋಟಿ ದಂಡ ವಿಧಿಸಿ, ಬಿಡಿಭಾಗ, ತಪಾಸಣಾ ಉಪಕರಣ, ತಾಂತ್ರಿಕ ಕೈಪಿಡಿಗಳನ್ನು ಅಧಿಕೃತ ಜಾಲದೊಳಗೇ ಕಟ್ಟಿಹಾಕಿದ್ದು ತಪ್ಪು ಎಂದಿತು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿತು, ಅದರಲ್ಲಿ ವಾಹನ ಕ್ಷೇತ್ರವೂ ಇದೆ. ಆದರೆ ಪೋರ್ಟಲ್ ಕಾಯ್ದೆಯಲ್ಲ. ಕಂಪನಿ ಮನಸ್ಸು ಮಾಡಿದಷ್ಟೇ ಮಾಹಿತಿ ಅಲ್ಲಿ ಸಿಗುತ್ತದೆ.

ತರಬೇತಿ ಇಲ್ಲದವರ ಕೈಗೆ ಕೈಪಿಡಿ ಕೊಟ್ಟರೆ ಅಪಾಯ ಹೆಚ್ಚುತ್ತದೆ ಎಂಬ ಆಕ್ಷೇಪವಿದೆ. ಹೆಚ್ಚಿನ ವೋಲ್ಟೇಜಿನ ಬ್ಯಾಟರಿ ಹೊತ್ತ ಎಲೆಕ್ಟ್ರಿಕ್ ಕಾರುಗಳ ವಿಚಾರದಲ್ಲಿ ಅದರಲ್ಲಿ ಸತ್ಯವಿದೆ; ಆ ಕೆಲಸ ಮನೆಯಂಗಳದ್ದಲ್ಲ. ಆದರೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಈ ವಾದ ಹೊಂದುವುದಿಲ್ಲ. ಕೈಪಿಡಿ ಸಿಗದಿದ್ದರೂ ಆ ಎಂಜಿನ್‌ಗಳು ಪ್ರತಿದಿನ ಸಣ್ಣ ಗ್ಯಾರೇಜುಗಳಲ್ಲಿ ಹೊರಬರುತ್ತಲೇ ಇವೆ. ವಾರಂಟಿ ಮುಗಿದ ಗಾಡಿಯನ್ನು ಅಧಿಕೃತ ಸೆಂಟರಿಗೆ ಒಯ್ಯುವ ಶಕ್ತಿ ಎಲ್ಲರಿಗೂ ಇಲ್ಲ. ಮಾಹಿತಿ ಮುಚ್ಚಿಟ್ಟರೆ ಕೆಲಸ ನಿಲ್ಲುವುದಿಲ್ಲ, ಕುರುಡಾಗಿ ನಡೆಯುತ್ತದೆ.

ಮಾಡಬೇಕಾದದ್ದು ಮೂರು. ದೇಶದಲ್ಲಿ ಮಾರಾಟವಾಗುವ ಪ್ರತಿ ಕಾರಿನ ವರ್ಕ್‌ಶಾಪ್ ಕೈಪಿಡಿ ಎಲ್ಲರಿಗೂ ಸಿಗುವುದನ್ನು ಕೇಂದ್ರ ಸರ್ಕಾರ ಕಾಯ್ದೆಯಿಂದ ಕಡ್ಡಾಯ ಮಾಡಲಿ, ಸುರಕ್ಷತೆಯ ಪುಟಗಳಾದರೂ ಕನ್ನಡದಲ್ಲಿ ಬರಲಿ. ಕ್ಲಚ್ ಬದಲಿಸಲು, ಎಂಜಿನ್ ಹೊರತೆಗೆಯಲು ಎಷ್ಟು ಗಂಟೆ ಬೇಕು, ಯಾವ ಉಪಕರಣ ಬೇಕು ಎಂಬುದು ಮೈಲೇಜಿನ ಹಾಗೆ ಖರೀದಿಗೆ ಮುಂಚೆಯೇ ಗ್ರಾಹಕನಿಗೆ ತಿಳಿಯಲಿ. ರಾಜ್ಯ ಸರ್ಕಾರವು ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇರುವ ಐಟಿಐಗಳ ಲಿಫ್ಟ್ ಮತ್ತು ಕ್ರೇನ್‌ಗಳನ್ನು ರಜಾದಿನಗಳಲ್ಲಿ ಸ್ಥಳೀಯ ಮೆಕ್ಯಾನಿಕ್‌ಗಳಿಗೆ ಕಡಿಮೆ ಬಾಡಿಗೆಗೆ ಒದಗಿಸಲಿ. ಕಾರು ಕೊಂಡವನು ಪೂರ್ತಿ ಬೆಲೆ ತೆತ್ತಿರುತ್ತಾನೆ. ಅದರ ಎಂಜಿನ್ ಯಾವ ದಾರಿಯಲ್ಲಿ ಸುರಕ್ಷಿತವಾಗಿ ಹೊರಬರುತ್ತದೆ ಎಂದು ತಿಳಿಯುವ ಹಕ್ಕು ಆ ಬೆಲೆಯಲ್ಲೇ ಸೇರಿದೆ.