ಕೈ ಹೋದ ಕಥೆ ಯಾರಿಗೆ ಬೇಕಿತ್ತು, ನೀರು ಹೋದ ಕಥೆ ಹೇಳಿ

ನಾನು ವಿಮರ್ಶಕ ಅಲ್ಲ. ದುಡ್ಡು ಕೊಟ್ಟು ಸಿನಿಮಾ ನೋಡೋನು. ಕೌದಳ್ಳಿಯವನು ಇಂಗ್ಲಿಷ್ ಸಿನಿಮಾವನ್ನ ದೊಡ್ಡ ಪರದೆಯಲ್ಲಿ ನೋಡಬೇಕು ಅಂದರೆ ಹನೂರು, ಕೊಳ್ಳೇಗಾಲ ದಾಟಿ ಮೈಸೂರಿಗೇ ಹೋಗಬೇಕು. ಟಿಕೆಟ್ಟಿಗಿಂತ ಬಸ್ಸು, ಊಟದ ಖರ್ಚೇ ಜಾಸ್ತಿ. ಹಾಗೆ ಹೋಗಿಬಂದವನಿಗೆ ನಾಲ್ಕು ಮಾತು ಬೈಯೋ ಹಕ್ಕಿದೆ ಅಂದ್ಕೊಂಡು ಬರೀತಿದ್ದೀನಿ.

2024ರ ಮೇ ತಿಂಗಳಲ್ಲಿ ಬಂದ 'ಫ್ಯೂರಿಯೋಸಾ' ನೋಡಿದೆ. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಸಿನಿಮಾದ ಹಿಂದಿನ ಕಥೆ ಇದು. ಎರಡಕ್ಕೂ ನಿರ್ದೇಶಕ ಜಾರ್ಜ್ ಮಿಲ್ಲರ್. ಲೋಕವೆಲ್ಲ ಕೆಟ್ಟು ಮರಳುಗಾಡಾದ ಮೇಲೆ ನಡೆಯೋ ಕಥೆ. ಮೊದಲನೆಯದನ್ನ ನೋಡದವರಿಗೆ ಒಂದೇ ದೃಶ್ಯ ಹೇಳ್ತೀನಿ. ಕಲ್ಲುಬಂಡೆಯ ಕೋಟೆ. ಮೇಲೆ ಇಮ್ಮಾರ್ಟನ್ ಜೋ ಅನ್ನೋ ಯಜಮಾನ. ಕೆಳಗೆ ಪಾತ್ರೆ ಪಗಡ ಹಿಡಿದು ನಿಂತ ಸಾವಿರಾರು ಬಡಪಾಯಿಗಳು. ಅವನು ತೂಬು ಎತ್ತುತ್ತಾನೆ, ನೀರು ಧುಮ್ಮಿಕ್ಕುತ್ತದೆ. ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎರಡು ಗುಟುಕು ಕುಡಿಯೋದರೊಳಗೆ ತೂಬು ಮುಚ್ಚುತ್ತಾನೆ. ಮೇಲಿಂದ ಉಪದೇಶ ಬೇರೆ, ನೀರಿನ ಚಟ ಹತ್ತಿಸ್ಕೋಬೇಡಿ ಅಂತ!

ನಾನು ಆ ದೃಶ್ಯ ನೋಡಿ ಒಂದು ಕ್ಷಣ ನಕ್ಕು, ಆಮೇಲೆ ಸುಮ್ಮನಾದೆ. ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡಿದವನಿಗೆ ಅದು ಮುಂದೆ ಎಂದೋ ಬರೋ ಕಾಲದ ಕಥೆ ಅಲ್ಲ. ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿತ್ತು. ಈ ನೀರು ಇವನ ಕೈಗೆ ಹೆಂಗೆ ಬಂತು? ಕೊಟ್ಟವರು ಯಾರು? ಮೊದಲನೇ ದಿನ ಅವನು ತೂಬಿಗೆ ಕೈ ಹಾಕಿದಾಗ ಜನ ಏನು ಮಾಡ್ತಿದ್ದರು?

ಹಿಂದಿನ ಕಥೆ ಬರುತ್ತೆ ಅಂದಾಗ ಉತ್ತರ ಸಿಗುತ್ತೆ ಅಂದ್ಕೊಂಡೆ. ಸಿಕ್ಕಿದ್ದೇನು? ಫ್ಯೂರಿಯೋಸಾಳ ಎಡಗೈ ಹೆಂಗೆ ಹೋಯ್ತು ಅನ್ನೋದು. 148 ನಿಮಿಷ, ಐದು ಅಧ್ಯಾಯ. ಹುಡುಗಿಯನ್ನ ಹಸಿರು ನಾಡಿನಿಂದ ಎತ್ತಿಕೊಂಡು ಹೋಗ್ತಾರೆ, ಡಿಮೆಂಟಸ್ ಅನ್ನೋ ಬೈಕು ಪಡೆಯ ನಾಯಕ ಅವಳ ತಾಯಿಯನ್ನ ಕೊಲ್ಲುತ್ತಾನೆ, ಅವಳು ಬೆಳೆದು ಸೇಡು ತೀರಿಸ್ಕೊಳ್ತಾಳೆ. ಹೊಡೆದಾಟ ಅದ್ಭುತ, ಇಲ್ಲ ಅನ್ನಲ್ಲ. ಆನ್ಯಾ ಟೇಲರ್-ಜಾಯ್ ಮಾತೇ ಇಲ್ಲದೆ ಬರೀ ಕಣ್ಣಲ್ಲೇ ನಟಿಸ್ತಾಳೆ. ಆದರೆ ಲೋಕ ಹೆಂಗೆ ಕೆಟ್ಟಿತು ಅನ್ನೋದನ್ನ ಶುರುವಿನಲ್ಲಿ ಕೇಳೋ ಒಂದಷ್ಟು ದನಿಗಳಲ್ಲೇ ಮುಗಿಸಿಬಿಟ್ಟರು. ಸಿನಿಮಾ ಕೋಟೆಯೊಳಗೆ ಕಾಲಿಡೋ ಹೊತ್ತಿಗೆ ಜೋ ಆಗಲೇ ಮೇಲೆ ಕೂತಿದ್ದಾನೆ, ನೀರು ಆಗಲೇ ಅವನದು. ಹಂಗಾದರೆ ಇದು ಯಾವುದರ ಹಿಂದಿನ ಕಥೆ ಸ್ವಾಮಿ?

ಕೈ ಇಲ್ಲ ಅನ್ನೋದನ್ನ ಹಳೆ ಸಿನಿಮಾ ಒಂದು ಮಾತೂ ಆಡದೆ ತೋರಿಸಿತ್ತು. ಅಷ್ಟೇ ಸಾಕಿತ್ತು. ಕಷ್ಟಪಟ್ಟವಳು ಅಂತ ಗೊತ್ತಾಗ್ತಿತ್ತು. ಹೇಳದಿದ್ದರೂ ನಡೆಯೋದನ್ನ ಎರಡೂವರೆ ಗಂಟೆ ಹೇಳಿ, ಹೇಳಲೇಬೇಕಾದ್ದನ್ನ ನುಂಗಿಬಿಟ್ಟರೆ ನನ್ನಂಥವನಿಗೆ ಸಿಟ್ಟು ಬರುತ್ತೆ.

ನನ್ನ ಗೆಳೆಯರು ಅಂತಾರೆ, ಸಿನಿಮಾ ಅಂದರೆ ಟೈಂಪಾಸು, ಅದರಲ್ಲೂ ನಿನಗೆ ನೀರಿನ ಗೋಳು ಯಾಕೆ? ಯಾಕೆ ಅಂದರೆ, ಹಿಂದಿನ ಕಥೆ ಬಿಟ್ಟು ಬರೀ ಹೊಡೆದಾಟ ತೋರಿಸೋ ಚಾಳಿ ಸಿನಿಮಾದವರಿಗೆ ಮಾತ್ರ ಇರೋದಲ್ಲ. ಅದೇ ವರ್ಷ ಏಪ್ರಿಲ್ 26ರಂದು ಲೋಕಸಭೆ ಚುನಾವಣೆ. ನಮ್ಮ ಹನೂರು ತಾಲ್ಲೂಕಿನಲ್ಲೇ, ಮಹದೇಶ್ವರ ಬೆಟ್ಟದ ಕಾಡೊಳಗಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯ್ತು, ಮತಯಂತ್ರ ಪುಡಿಯಾಯ್ತು. ಇಡೀ ದೇಶದ ಟೀವಿ ಆ ಪುಡಿಯಾದ ಯಂತ್ರವನ್ನ ತೋರಿಸಿತು. ಕೇಸು ಬಿತ್ತು, ಬಂಧನ ಆಯ್ತು, 29ಕ್ಕೆ ಮರುಮತದಾನವೂ ಆಯ್ತು. ಯಂತ್ರ ಒಡೆದದ್ದು ಸರಿ ಅಂತ ನಾನು ಹೇಳೋದಿಲ್ಲ. ಆದರೆ ಆ ಜನ ರಸ್ತೆ ಕೊಡಿ, ಕುಡಿಯೋ ನೀರು ಕೊಡಿ ಅಂತ ಕೇಳಿ ಕೇಳಿ ಸಾಕಾಗಿ, ವೋಟೇ ಹಾಕಲ್ಲ ಅಂತ ಕೂತಿದ್ದರಲ್ಲ, ಆ ಹಿಂದಿನ ಕಥೆಗೆ ಟೀವಿಯಲ್ಲಿ ಎಷ್ಟು ನಿಮಿಷ ಸಿಕ್ಕಿತು? ಕೈ ಮುರಿದದ್ದು ಸುದ್ದಿ. ತೂಬು ಮುಚ್ಚಿದ್ದು ಸುದ್ದಿ ಅಲ್ಲ.

ಅದಕ್ಕೂ ಒಂದೂವರೆ ತಿಂಗಳ ಹಿಂದೆ ಬೆಂಗಳೂರಲ್ಲಿ ನೀರಿಲ್ಲ ಅನ್ನೋದು ದೊಡ್ಡ ಸುದ್ದಿಯಾಗಿತ್ತು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು. ಪಾಪ, ಅವರ ಕಷ್ಟವೂ ಕಷ್ಟವೇ. ಆದರೆ ಅವರಿಗೆ ಹೋಗೋ ಕಾವೇರಿ ನಮ್ಮ ಶಿವನಸಮುದ್ರದ ಕಡೆಯಿಂದ ತೊರೆಕಾಡನಹಳ್ಳಿಗೆ ಬಂದು, ಅಲ್ಲಿಂದ ಪಂಪಿನಲ್ಲಿ ನೂರು ಕಿಲೋಮೀಟರ್ ಮೇಲಕ್ಕೆ ಹತ್ತಿ ಹೋಗುತ್ತಾಳೆ. ನಮ್ಮ ತಾಲ್ಲೂಕಿನ ಅಂಚಲ್ಲೇ ಹರಿಯೋ ಹೊಳೆ ಕಾಡಂಚಿನ ದೊಡ್ಡಿಗಳಿಗೆ ಹತ್ತೋದಿಲ್ಲ, ರಾಜಧಾನಿಗೆ ಹತ್ತುತ್ತದೆ. ಜೋನ ಕೋಟೆಗೆ ಕಂಪ್ಯೂಟರ್ ಗ್ರಾಫಿಕ್ಸ್ ಯಾಕೆ ಬೇಕು ಹೇಳಿ?

ಹಿಂದಿನ ಕಥೆ ಹೇಳೋದು ಹೆಂಗೆ ಅಂತ ನಮ್ಮವರಿಗೆ ಗೊತ್ತು. 'ಕಾಂತಾರ' ನೆನಪು ಮಾಡ್ಕೊಳ್ಳಿ. 1847ರಲ್ಲಿ ಒಬ್ಬ ರಾಜ ಜನಕ್ಕೆ ಭೂಮಿ ಬಿಟ್ಟುಕೊಟ್ಟ ಅನ್ನೋದರಿಂದಲೇ ಸಿನಿಮಾ ಶುರು. ಮುಂದೆ ಬರೋ ಹೊಡೆದಾಟಕ್ಕೆಲ್ಲ ಅರ್ಥ ಬರೋದು ಭೂಮಿ ಯಾರದು ಅಂತ ಮೊದಲೇ ಹೇಳಿದ್ದರಿಂದ. ಅದಕ್ಕೂ ಹಿಂದಿನ ಕಥೆ 2025ರಲ್ಲಿ ಬಂತು. ಅವರೂ ಶೂಲ ಎಲ್ಲಿಂದ ಬಂತು, ಕತ್ತಿ ಎಲ್ಲಿಂದ ಬಂತು ಅಂತ ಹೇಳ್ತಾ ಕೂತು ಭೂಮಿಯನ್ನ ಮರೆತಿದ್ದರೆ ನಾನು ಮತ್ತೆ ಬೈಯೋಕೆ ಬರ್ತೀನಿ.

ಇನ್ನೂ ಹಿಂದಕ್ಕೆ ಹೋಗಿ. ನಮ್ಮ ಕಂಸಾಳೆಯವರು ಶ್ರವಣ ದೊರೆಯ ಸಾಲು ಹಾಡುವಾಗ ನೇರವಾಗಿ ಮಾದಪ್ಪ ಮಾಡಿಸಿದ ಅರಗಿನ ಪಾದರಕ್ಷೆಗೆ ಹಾರೋದಿಲ್ಲ. ಶ್ರವಣ ದೇವಾನುದೇವತೆಗಳನ್ನೇ ಸೆರೆ ಹಾಕಿ ಚಾಕರಿ ಮಾಡಿಸ್ಕೊಂಡದ್ದನ್ನ ಸಾವಧಾನವಾಗಿ ಹಾಡುತ್ತಾರೆ. ಅವನ ದೌಲತ್ತು ಎಷ್ಟು ಅಂತ ತಿಳಿದ ಮೇಲೇ ಅವನು ಸುಟ್ಟುಹೋಗೋದಕ್ಕೆ ತೂಕ. ರಾತ್ರಿಯಿಡೀ ಕೂತು ಕೇಳೋ ಜನಕ್ಕೆ ಅದು ಬೋರು ಹೊಡೆಸೋದಿಲ್ಲ.

ಒಂದು ಮಾತು ಒಪ್ಪಿಕೊಳ್ತೀನಿ. ಕೊನೆಯಲ್ಲಿ ಡಿಮೆಂಟಸ್ ಹೆಂಗೆ ಸತ್ತ ಅನ್ನೋದಕ್ಕೆ ಜನ ನಾಲ್ಕಾರು ಥರ ಹೇಳ್ತಾರೆ. ಅದರಲ್ಲೊಂದು, ಅವಳು ತಾಯಿ ಕೊಟ್ಟ ಹಣ್ಣಿನ ಬೀಜವನ್ನ ಅವನ ಮೈಯಲ್ಲೇ ನೆಟ್ಟು ಮರ ಬೆಳೆಸಿದಳು ಅಂತ. ಆ ದೃಶ್ಯ ನನಗೆ ಇಷ್ಟವಾಯ್ತು, ಮಾದಪ್ಪನ ಕಥೆ ಕೇಳಿದಂಗೇ ಇತ್ತು. ಆದರೆ ಮೈಸೂರಿಂದ ವಾಪಸ್ ಬರ್ತಾ ಕೊನೇ ಬಸ್ಸಿನಲ್ಲಿ ಕೂತಾಗ ಬಂದ ಯೋಚನೆ ಬೇರೆ. ಆ ಮರಕ್ಕೆ ದಿನಾ ನೀರು ಹಾಕಬೇಕಲ್ಲ, ಆ ನೀರಿಗೆ ಅವಳು ಯಾರ ತೂಬಿನ ಮುಂದೆ ನಿಂತಳು?

ಅದನ್ನ ತೆಗೀರಿ ಸ್ವಾಮಿ. ಇನ್ನೊಂದು ಸಲ ಬಸ್ಸು ಹತ್ತಿ ಬರ್ತೀನಿ.