ಆಕಾಶದಿಂದ ಬಿದ್ದ ಕಲ್ಲಿಗೆ ಅಯಸ್ಕಾಂತ ಹಿಡಿಯಬೇಡಿ

ನಮ್ಮ ಹಳೇಬೀಡಿನ ಸುತ್ತಮುತ್ತ ಹೊಲ ಉಳುವಾಗ ಗಾತ್ರಕ್ಕೆ ಮೀರಿದ ಭಾರದ ಕಪ್ಪು ಕಲ್ಲೊಂದು ಎದ್ದರೆ ಜನ ಮೊದಲು ಮಾಡುವುದು ಎರಡು ಕೆಲಸ. ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂದು ಅಂಟಿಸಿ ನೋಡುತ್ತಾರೆ. ಅಂಟಿತೋ, ಕಮ್ಮಾರಸಾಲೆಗೆ ಒಯ್ದು ಬೆಂಕಿಯಲ್ಲಿ ಕಾಯಿಸುತ್ತಾರೆ. ಆಮೇಲೆ ಕಲ್ಲು ನನ್ನ ಮನೆ ಜಗಲಿಗೆ ಬರುತ್ತದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. "ಟೀಚರ್, ಇದು ಉಲ್ಕೆಯಾ ನೋಡಿ ಹೇಳಿ" ಅಂತ ಹಳೆಯ ವಿದ್ಯಾರ್ಥಿಗಳು ಇವತ್ತಿಗೂ ಬರುತ್ತಾರೆ. ಅವರ ಕುತೂಹಲ ನನಗೆ ಪ್ರೀತಿಯದು. ಆದರೆ ಆ ಎರಡೂ ಪರೀಕ್ಷೆಗಳು ನಿಲ್ಲಬೇಕು ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬರುವ ಕಲ್ಲುಗಳು ಬಹುಮಟ್ಟಿಗೆ ಈ ನೆಲದವೇ. ಅರಸೀಕೆರೆಯಿಂದ ದಕ್ಷಿಣಕ್ಕೆ, ಸುಮಾರು 60 ಕಿಲೋಮೀಟರ್ ಉದ್ದಕ್ಕೆ, ನುಗ್ಗೇಹಳ್ಳಿ ಶಿಲಾಪಟ್ಟಿ ಹಾದುಹೋಗಿದೆ. 300 ಕೋಟಿ ವರ್ಷಕ್ಕೂ ಹಳೆಯ ಬಂಡೆಗಳು ಅವು. ಬೈರಾಪುರದಲ್ಲಿ ಕ್ರೋಮೈಟ್ ಗಣಿಯಿದೆ, ಅದೇ ಪಟ್ಟಿಯಲ್ಲಿ ಟೈಟಾನಿಯಂ ಬೆರೆತ ಮ್ಯಾಗ್ನಟೈಟ್ ಅದಿರಿದೆ. ಎರಡೂ ಕಪ್ಪು, ಎರಡೂ ಭಾರ. ಮ್ಯಾಗ್ನಟೈಟ್ ಅಂತೂ ಅಯಸ್ಕಾಂತವನ್ನು ಬಿಡುವುದೇ ಇಲ್ಲ. ಇವು ಬಿಟ್ಟರೆ ಹಿಂದೆ ಕಬ್ಬಿಣ ಕರಗಿಸುತ್ತಿದ್ದ ಜಾಗಗಳ ಕಿಟ್ಟ, ಮೈತುಂಬ ಗುಳ್ಳೆಯ ತೂತುಗಳು. ಅಂದಮೇಲೆ ಈ ಜಿಲ್ಲೆಯಲ್ಲಿ ಅಯಸ್ಕಾಂತದ ಪರೀಕ್ಷೆಯಿಂದ ತಿಳಿಯುವುದು ಏನೂ ಇಲ್ಲ. ಅಂಟಿದ ಕಲ್ಲೆಲ್ಲ ಉಲ್ಕಾಶಿಲೆಯಲ್ಲ.

ಹಾಗಂತ ಆಕಾಶದ ಕಲ್ಲು ಕನ್ನಡ ನಾಡಿಗೆ ಬಿದ್ದಿಲ್ಲವೆಂದಲ್ಲ. 1848ರಲ್ಲಿ ಧಾರವಾಡ ಸೀಮೆಯಲ್ಲಿ, 1865ರಲ್ಲಿ ಮದ್ದೂರಿನಲ್ಲಿ, ಮರುವರ್ಷವೇ ಉಡುಪಿಯ ಹತ್ತಿರ ಬಿದ್ದಿವೆ. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಇವು ಆಯಾ ಊರಿನ ಹೆಸರಲ್ಲೇ ಇವೆ, ಆ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿ. 2008ರ ಸೆಪ್ಟೆಂಬರಿನಲ್ಲಿ ನಮ್ಮ ಗಡಿಯಾಚೆ, ಹೊಸೂರಿನ ಸಮೀಪದ ಸೂಲಗಿರಿಯಲ್ಲೂ ಬಿದ್ದವು. ಈ ನಾಲ್ಕೂ ವಿಜ್ಞಾನಿಗಳು ಸಾಧಾರಣ ಕಾಂಡ್ರೈಟ್ ಎಂದು ಕರೆಯುವ ಬಗೆಯ ಕಲ್ಲುಗಳು. ಆ ಬಗೆಯದನ್ನು ಕೊಯ್ದು ನೋಡಿದರೆ ಬೂದು ಬಣ್ಣದ ಕಲ್ಲಿನೊಳಗೆ ಅಲ್ಲಲ್ಲಿ ಬೆಳ್ಳಗೆ ಹೊಳೆಯುವ ಲೋಹದ ಚುಕ್ಕಿಗಳು ಕಾಣುತ್ತವೆ. ಕಬ್ಬಿಣ, ನಿಕ್ಕಲ್ ಬೆರೆತ ಲೋಹ ಅದು. ಅದರಲ್ಲೂ ನಿಕ್ಕಲ್ ಹೆಚ್ಚಿರುವ ಕಣಗಳ ಅಂಚಿನಲ್ಲಿ, ಕಣ್ಣಿಗೆ ಕಾಣದಷ್ಟು ತೆಳುವಾಗಿ, ಟೆಟ್ರಾಟೀನೈಟ್ ಎಂಬ ಖನಿಜ ಇರುತ್ತದೆ. ಸೂಲಗಿರಿಯ ಕಲ್ಲು ಸೇರಿದ ವರ್ಗದಲ್ಲಿ ಲೋಹ ಕಡಿಮೆ, ಆದರೆ ಇದ್ದ ಲೋಹದಲ್ಲಿ ಈ ಖನಿಜದ ಪಾಲು ದೊಡ್ಡದು.

ಟೆಟ್ರಾಟೀನೈಟಿನಲ್ಲಿ ಹೊಸ ಧಾತುವೇನೂ ಇಲ್ಲ. ಇರುವುದು ಕಬ್ಬಿಣ ಮತ್ತು ನಿಕ್ಕಲ್, ಹೆಚ್ಚುಕಡಿಮೆ ಸರಿಪಾಲು. ವಿಶೇಷವಿರುವುದು ಜೋಡಣೆಯಲ್ಲಿ. ಸಾಮಾನ್ಯ ಮಿಶ್ರಲೋಹದಲ್ಲಿ ಎರಡರ ಪರಮಾಣುಗಳು ಬುಟ್ಟಿಯಲ್ಲಿ ಬೆರೆತ ಮಲ್ಲಿಗೆ, ಕನಕಾಂಬರದ ಹಾಗೆ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಇಲ್ಲಿ ಒಂದು ಸಾಲು ಅದು, ಒಂದು ಸಾಲು ಇದು ಎಂದು ಕಟ್ಟಿದ ದಂಡೆಯ ಕ್ರಮ. ಈ ಕ್ರಮ ತಾನಾಗಿ ಮೂಡಬೇಕಾದರೆ ಉಷ್ಣತೆ ಸುಮಾರು 320 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ಆದರೆ ಅಷ್ಟು ತಣ್ಣಗಾದ ಲೋಹದೊಳಗೆ ಪರಮಾಣುಗಳು ಮಿಸುಕಾಡುವುದೇ ಕಷ್ಟ. ಕಾಲ ಬೇಕು, ಬಹಳ ಕಾಲ ಬೇಕು. ಸೌರವ್ಯೂಹ ಹುಟ್ಟಿದ ಹೊಸತರಲ್ಲಿ, ಸುಮಾರು 450 ಕೋಟಿ ವರ್ಷದ ಹಿಂದೆ, ಕ್ಷುದ್ರಗ್ರಹಗಳ ಒಡಲಿನಲ್ಲಿ ಹುಗಿದಿದ್ದ ಲೋಹ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಡಿಗ್ರಿಯಂತೆ ಆರುತ್ತ ಬಂದಿತು. ಆ ಸಾವಕಾಶದಲ್ಲಿ ಈ ಸಾಲುಗಳು ಕಟ್ಟಿಕೊಂಡವು. ಭೂಮಿಯ ಮೇಲೆ ಯಾವ ಕುಲುಮೆಯೂ ಇಷ್ಟು ತಾಳ್ಮೆಯಿಂದ ಆರಿದ್ದಿಲ್ಲ.

1960ರ ದಶಕದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಲೂಯಿ ನೀಲ್ ಮತ್ತು ಸಂಗಡಿಗರು ಕಬ್ಬಿಣ-ನಿಕ್ಕಲ್ ಲೋಹಕ್ಕೆ ನ್ಯೂಟ್ರಾನುಗಳನ್ನು ಹಾಯಿಸಿ ಈ ಕ್ರಮವನ್ನು ಮೊದಲು ಪ್ರಯೋಗಾಲಯದಲ್ಲಿ ಮೂಡಿಸಿದರು. ಉಲ್ಕಾಶಿಲೆಯಲ್ಲಿರುವುದಕ್ಕೆ ಖನಿಜವೆಂಬ ಹೆಸರು ಸಿಕ್ಕಿದ್ದು 1980ರಲ್ಲಿ, ರಾಯ್ ಕ್ಲಾರ್ಕ್ ಮತ್ತು ಎಡ್ವರ್ಡ್ ಸ್ಕಾಟ್ ಅವರ ಪ್ರಬಂಧದಿಂದ. 2022ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಲಿಂಡ್ಸೆ ಗ್ರೀರ್ ತಂಡ, ಎರಕಕ್ಕೆ ಸ್ವಲ್ಪ ರಂಜಕ ಸೇರಿಸಿದರೆ ಲಕ್ಷಾಂತರ ವರ್ಷದ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಆಗುತ್ತದೆ ಎಂದು ಪ್ರಕಟಿಸಿತು. ಇದು ಗಟ್ಟಿ ಅಯಸ್ಕಾಂತವಾಗಬಲ್ಲ ಖನಿಜ. ವಿದ್ಯುತ್ ಸ್ಕೂಟರಿನ ಮೋಟಾರಿಗೂ ಗಾಳಿಯಂತ್ರಕ್ಕೂ ಇವತ್ತು ಬೇಕಾದ ಅಪರೂಪದ ಲೋಹಗಳಿಗೆ ಜಗತ್ತು ಚೀನಾವನ್ನು ನೆಚ್ಚಿಕೊಂಡಿದೆ. ಕಬ್ಬಿಣ, ನಿಕ್ಕಲ್‌ಗಳಿಂದಲೇ ಆ ಕೆಲಸ ಸಾಗುವಂತಿದ್ದರೆ ಅದರ ಬೆಲೆ ಏನೆಂದು ಹೇಳಬೇಕಾಗಿಲ್ಲ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಈ ಖನಿಜದ ನೆನಪಿನ ಶಕ್ತಿ. ತಾನು ರೂಪುಗೊಂಡಾಗ ಸುತ್ತ ಇದ್ದ ಕಾಂತಕ್ಷೇತ್ರವನ್ನು ಇದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. 2015ರಲ್ಲಿ ಜೇಮ್ಸ್ ಬ್ರೈಸನ್, ರಿಚರ್ಡ್ ಹ್ಯಾರಿಸನ್ ಮುಂತಾದವರು ಚಿಲಿಯ ಇಮಿಲಾಕ್, ಅರ್ಜೆಂಟೀನಾದ ಎಸ್ಕೆಲ್ ಉಲ್ಕಾಶಿಲೆಗಳಲ್ಲಿನ ಟೆಟ್ರಾಟೀನೈಟಿನ ಅತಿಸೂಕ್ಷ್ಮ ಕಣಗಳನ್ನು ಓದಿ, ಆ ಕಲ್ಲುಗಳ ತಾಯಿಗ್ರಹದ ಲೋಹದ ತಿರುಳು ಹೆಪ್ಪುಗಟ್ಟಿದ ಕಥೆಯನ್ನೇ ಬಿಡಿಸಿಟ್ಟರು. ಒಡೆದು ಚೂರಾಗಿ ಎಂದೋ ಇಲ್ಲವಾದ ಒಂದು ಲೋಕದ ಕಥೆ ಅದು. ಇನ್ನೆಲ್ಲೂ ಬರೆದಿಟ್ಟಿಲ್ಲ.

ನಾವು ಅಯಸ್ಕಾಂತ ಅಂಟಿಸುವುದು ಇಂಥ ದಾಖಲೆಯ ಮೇಲೆ. ಟೆಟ್ರಾಟೀನೈಟ್ ಸುಲಭಕ್ಕೆ ಸೋಲುವುದಿಲ್ಲ ನಿಜ. ಆದರೆ ಅದರ ಜೊತೆಗಿರುವ ಮೆದು ಲೋಹ ಬೇಗ ಬಗ್ಗುತ್ತದೆ, ಈಗ ಅಂಗಡಿಯಲ್ಲಿ ಸಿಗುವ ನಿಯೋಡೈಮಿಯಂ ಅಯಸ್ಕಾಂತಗಳಂತೂ ಬಹಳ ಬಲವಾದವು. ಸಹಾರಾ ಮರುಭೂಮಿಯಲ್ಲಿ ಸಿಕ್ಕಿದ, ಮಂಗಳ ಗ್ರಹದಿಂದ ಬಂದ 'ಬ್ಲ್ಯಾಕ್ ಬ್ಯೂಟಿ' ಎಂಬ ಕಲ್ಲಿಗೆ ಹೀಗೇ ಆಯಿತು. ಮಂಗಳದ ಪುರಾತನ ಕಾಂತಕ್ಷೇತ್ರದ ಸಾಕ್ಷಿಗಾಗಿ ತುಣುಕುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡದ್ದು ಹುಡುಕಿದವರ, ಮಾರಿದವರ ಕೈಯ ಅಯಸ್ಕಾಂತದ ಗುರುತು. 2023ರಲ್ಲಿ ಅವರು ಅದನ್ನು ಪ್ರಕಟಿಸಿ, ದಯವಿಟ್ಟು ಅಯಸ್ಕಾಂತ ಬಳಸಬೇಡಿ ಎಂದು ಕೇಳಿಕೊಂಡರು.

ಬೆಂಕಿ ಇನ್ನೂ ಕೆಡುಕು. ಉಲ್ಕೆ ಉರಿಯುತ್ತ ಬಂದರೂ ಅದರ ಬಿಸಿ ಹೊರಗಿನ ತೆಳು ಕರಿ ಸಿಪ್ಪೆಯನ್ನು ದಾಟಿ ಒಳಗೆ ಹೆಚ್ಚು ಇಳಿಯುವುದಿಲ್ಲ, ಒಳಗೆ ಅದು ತಣ್ಣಗೇ ಇರುತ್ತದೆ. ಕೋಟಿಗಟ್ಟಲೆ ವರ್ಷ ಉಳಿದು, ವಾತಾವರಣವನ್ನೂ ದಾಟಿ ಬಂದ ಪರಮಾಣುಗಳ ಸಾಲುಗಳನ್ನು ನಮ್ಮ ಕಮ್ಮಾರಸಾಲೆಯ ತಿದಿ ಸ್ವಲ್ಪ ಹೊತ್ತಿನಲ್ಲೇ ಕಲಸಿಬಿಡಬಲ್ಲದು. ಆಮೇಲೆ ಅದನ್ನು ಸರಿಪಡಿಸಲು ಯಾರಿಂದಲೂ ಆಗದು.

ಈ ಪರೀಕ್ಷೆಗಳ ಹಿಂದೆ ಬರೀ ಕುತೂಹಲವಿದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 'ರೈಸ್ ಪುಲ್ಲಿಂಗ್' ಎಂಬ ಮೋಸ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. ಸಿಡಿಲು ಬಡಿದ ತಾಮ್ರದ ಚೊಂಬು, ಅದರಲ್ಲಿ 'ಇರಿಡಿಯಂ' ಇದೆ, ಅಕ್ಕಿಕಾಳನ್ನು ಎಳೆಯುತ್ತದೆ, ವಿದೇಶದ ಬಾಹ್ಯಾಕಾಶ ಸಂಸ್ಥೆ ಕೋಟಿ ಕೊಡುತ್ತದೆ ಎಂದು ನಂಬಿಸುತ್ತಾರೆ. ಪರೀಕ್ಷೆಯ ಖರ್ಚು ಎಂದು ಲಕ್ಷಗಟ್ಟಲೆ ಕೀಳುತ್ತಾರೆ. ನನ್ನಲ್ಲಿ ಓದಿದ ಹುಡುಗನೊಬ್ಬನ ಮನೆಯವರು ಇದಕ್ಕಾಗಿ ತೆಂಗಿನ ತೋಟ ಅಡವಿಟ್ಟು ಕಳೆದುಕೊಂಡರು. ಅವನ ತಾಯಿ ನನ್ನ ಮುಂದೆ ಕೂತು ಅತ್ತದ್ದು ಮರೆಯುವಂಥದ್ದಲ್ಲ. ಇರಿಡಿಯಂ ನಿಜವಾದ ಧಾತು, ಭೂಮಿಯ ತೊಗಟೆಗಿಂತ ಉಲ್ಕಾಶಿಲೆಯಲ್ಲಿ ಹೆಚ್ಚಿರುವುದೂ ನಿಜ. ಆದರೆ ಎಷ್ಟು? ಮದ್ದೂರಿನಂಥ ಕಾಂಡ್ರೈಟಿನ ಒಂದು ಕಿಲೋದಲ್ಲಿ ಒಂದು ಮಿಲಿಗ್ರಾಂಗೂ ಕಡಿಮೆ. ಅದು ಅಕ್ಕಿಯನ್ನು ಎಳೆಯುವುದಿಲ್ಲ. ಕಾಳಿಗೆ ಮೊದಲೇ ಕಬ್ಬಿಣದ ಪುಡಿ ಸೇರಿಸಿ ಅಯಸ್ಕಾಂತ ಬಚ್ಚಿಟ್ಟರೆ ಅಕ್ಕಿ ಚಲಿಸುತ್ತದೆ, ಆಟ ಅಷ್ಟೇ. ಇಷ್ಟನ್ನು ಎಂಟನೇ ತರಗತಿಯಲ್ಲೇ ಕನ್ನಡದಲ್ಲಿ ತಿಳಿಸಿ, ಮಕ್ಕಳ ಮುಂದೆ ಮಾಡಿ ತೋರಿಸಿದ್ದರೆ ಆ ತೋಟ ಉಳಿಯುತ್ತಿತ್ತು ಎಂದೇ ನಾನು ನಂಬಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಹೊಯ್ಸಳೇಶ್ವರ ದೇವಾಲಯ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ಇಲ್ಲಿಗೆ ಬರುವವರು ಹೆಚ್ಚಿದ್ದಾರೆ. ಬಳಪದ ಕಲ್ಲಿನಲ್ಲಿ ಇಷ್ಟು ಸೂಕ್ಷ್ಮ ಕೆತ್ತನೆ ಹೇಗಾಯಿತು ಎಂದು ಎಲ್ಲರೂ ಕೇಳುತ್ತಾರೆ. ಕಲ್ಲಿನ ಬಗ್ಗೆ ಕೇಳುವ ಜನ ತಾವಾಗಿಯೇ ಬರುವ ಊರು ಇದು. ಶಾಲಾ ಪ್ರವಾಸದ ಬಸ್ಸುಗಳು ನಿಲ್ಲುವ ಈ ಊರಿನಲ್ಲಿ ಒಂದು ಕೋಣೆ ಬೇಕು. ಅಲ್ಲಿ ಬಳಪದ ಕಲ್ಲು, ಬೈರಾಪುರದ ಕ್ರೋಮೈಟ್, ಕಿಟ್ಟ, ಇವುಗಳ ಪಕ್ಕದಲ್ಲಿ ನಿಜವಾದ ಉಲ್ಕಾಶಿಲೆಯ ಒಂದು ಹೋಳು ಇರಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಉಲ್ಕಾಶಿಲೆಗಳನ್ನು ಕೋಲ್ಕತ್ತದಲ್ಲಿ ಕಾಪಾಡಿಕೊಂಡು ಬಂದಿದೆ. ಅಲ್ಲಿಂದ ಒಂದು ಹೋಳನ್ನು ಎರವಲಾಗಿ ಕೇಳಲು ಜಿಲ್ಲಾಡಳಿತಕ್ಕೆ ಒಂದು ಪತ್ರ ಸಾಕು.

ಜನ ಸರಿಯಾಗಿ ನಡೆದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಗುಜರಾತಿನ ದಿಯೋದರ್ ಇದೆ. 2022ರ ಆಗಸ್ಟ್ 17ರಂದು ಅಲ್ಲಿನ ಎರಡು ಹಳ್ಳಿಗಳಲ್ಲಿ ಕಲ್ಲು ಬಿದ್ದಿತು. ತುಣುಕುಗಳು ಅಹಮದಾಬಾದಿನ ಭೌತ ಸಂಶೋಧನಾಲಯದವರ ಕೈ ಸೇರಿದವು. ಅದು ಆಬ್ರೈಟ್ ಎಂಬ ಬಲು ವಿರಳ ಬಗೆಯೆಂದು ತಿಳಿಯಿತು. ಈ ಬಗೆಯ ಕಲ್ಲು ಭಾರತದಲ್ಲಿ ಅದಕ್ಕೆ ಮೊದಲು ಬಿದ್ದದ್ದು 1852ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಆ ಬಸ್ತಿಯ ಕಲ್ಲಿನಲ್ಲೇ ಆಸ್ಬೋರ್ನೈಟ್, ಓಲ್ಡ್ಹಮೈಟ್ ಎಂಬ ಖನಿಜಗಳು ವಿಜ್ಞಾನಕ್ಕೆ ಮೊದಲ ಬಾರಿ ಸಿಕ್ಕಿದ್ದು.

ನಾಳೆ ಬೇಲೂರಿನಲ್ಲೋ ಜಾವಗಲ್ಲಿನಲ್ಲೋ ಒಂದು ಬಿದ್ದೀತು. ಕಣ್ಣಿನಿಂದ ನೋಡಿ: ತೆಳುವಾದ ಕಪ್ಪು ಸಿಪ್ಪೆ, ಹೆಬ್ಬೆರಳು ಒತ್ತಿದಂಥ ಗುಳಿಗಳು, ಗುಳ್ಳೆಯ ತೂತಿಲ್ಲ, ಗಾತ್ರಕ್ಕಿಂತ ಭಾರ. ಬಿದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಹೊತ್ತು ಬರೆದಿಡಿ. ತೊಳೆಯಬೇಡಿ, ಅರಿಶಿನ ಕುಂಕುಮ ಹಚ್ಚಬೇಡಿ, ಒಡೆಯಬೇಡಿ, ಕಾಯಿಸಬೇಡಿ, ಅಯಸ್ಕಾಂತವನ್ನು ಹತ್ತಿರವೂ ತರಬೇಡಿ. ಒಣಗಿದ ಶುಭ್ರ ಚೀಲದಲ್ಲಿಟ್ಟು ತಹಶೀಲ್ದಾರರಿಗೆ ತಿಳಿಸಿ, ಇಲ್ಲವೇ ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿರುವ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಚೇರಿಗೆ ತಲುಪಿಸಿ. ಕೊಳ್ಳುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ನೇರ ಪೊಲೀಸ್ ಠಾಣೆಗೆ ಹೋಗಿ.