ಕಾವಲಿಗೆ ಹೊರಟವರೇ, ತೋಟಾ ಜೇಬಿನಲ್ಲೇ ಇರಲಿ

ಭತ್ತ ಹಾಲುಗಟ್ಟುವ ಹೊತ್ತಿಗೆ ಮಲೆನಾಡು, ಕೊಡಗಿನ ಗದ್ದೆಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಸಾಕು, ತಿಂಗಳುಗಟ್ಟಲೆ ದುಡಿದದ್ದು ಮಣ್ಣುಪಾಲು. ಹಾಗಾಗಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೋವಿ ಹೊರಗೆ ಬರುತ್ತೆ. ಅದರ ಹಿಂದೆಯೇ ಪೇಪರಿನಲ್ಲಿ ಒಂದು ಸಣ್ಣ ಸುದ್ದಿಯೂ ಬರುತ್ತೆ: ಕೋವಿ ಮಿಸ್ ಫೈರ್ ಆಗಿ ಒಬ್ಬರು ಸತ್ತರು ಅಂತ.

ಈ ‘ಮಿಸ್ ಫೈರ್’ ಅನ್ನೋ ಮಾತೇ ನನಗೆ ಸರಿ ಕಾಣುವುದಿಲ್ಲ. ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ಅದು ಮಿಸ್ ಫೈರ್. ನಾವು ಅದನ್ನು ಉಲ್ಟಾ ಮಾಡಿಕೊಂಡು, ಬೇಡದ ಹೊತ್ತಲ್ಲಿ ಹಾರಿದ್ದಕ್ಕೆಲ್ಲ ಅದೇ ಹೆಸರು ಇಟ್ಟಿದ್ದೇವೆ. ಹಾಗಂದ ಕೂಡಲೇ ತಪ್ಪು ಕೋವಿಯದ್ದಾಗುತ್ತೆ, ಇಲ್ಲವೇ ಹಣೆಬರಹದ್ದಾಗುತ್ತೆ. ಆದರೆ ನಳಿಗೆಯಲ್ಲಿ ತೋಟಾ ಇಲ್ಲದಿದ್ದರೆ ಯಾವ ಕೋವಿಯೂ ಹಾರುವುದಿಲ್ಲ.

ಕೋವಿ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ವರ್ಷ ವರ್ಷ ಕಾವಲು ಕೂರುವವನೇ. ಹೇಳುವುದು ಇಷ್ಟೇ: ಹೊಡೆಯುವ ಹೊತ್ತು ಬರುವವರೆಗೆ ತೋಟಾ ಜೇಬಿನಲ್ಲಿರಲಿ.

ಲೈಸೆನ್ಸ್ ಅಪ್ಪನದು, ಕಾವಲು ಮಗನದು

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲೈಸೆನ್ಸ್ ಇರುವುದು ಅಪ್ಪನ ಹೆಸರಲ್ಲಿ, ಕೋವಿ ಇರುವುದು ಮಗನ ಕೈಯಲ್ಲಿ. ಅಪ್ಪ ಹಿರಿಯರ ಜೊತೆ ಓಡಾಡಿ, ಬೈಸಿಕೊಂಡು ಕಲಿತವರು. ಮಗ ಓದಿಗೆ ಹೊರಗಿದ್ದು ಈಗ ತೋಟಕ್ಕೆ ವಾಪಸ್ ಬಂದವನು, ಕಲಿತದ್ದು ಮೊಬೈಲ್ ನೋಡಿ. ಅನಾಹುತಕ್ಕೆ ದಾರಿ ಆಗುವುದು ಇಲ್ಲೇ. ಕಾನೂನಿನ ಲೆಕ್ಕದಲ್ಲೂ ಇದು ತಪ್ಪು. ಕಾವಲಿಗೆ ಹೋಗುವವನು ನೀನೇ ಆದರೆ ಲೈಸೆನ್ಸಿಗೆ ನೀನೇ ಅರ್ಜಿ ಹಾಕು, ತರಬೇತಿಯನ್ನೂ ನೀನೇ ಪಡೆ.

ಹಂದಿ ಕಾಯುತ್ತಾ?

‘ಹಂದಿ ಬಂದಮೇಲೆ ತೋಟಾ ತುಂಬುತ್ತಾ ಕೂತರೆ ಅದು ಕಾಯುತ್ತಾ?’ ಅಂತ ಹುಡುಗರು ಕೇಳ್ತಾರೆ. ಕಾಯಲ್ಲ, ಓಡಿಹೋಗುತ್ತೆ. ನಮಗೆ ಬೇಕಾದ್ದೂ ಅದೇ ತಾನೆ? ಕೋವಿ ಮಡಚಿ ತೋಟಾ ಹಾಕಿ ಮುಚ್ಚಲು ಕೆಲವೇ ಸೆಕೆಂಡು ಸಾಕು. ಇನ್ನೊಂದು ಮಾತು, ಕೋವಿಯ ಲೈಸೆನ್ಸ್ ಬೇರೆ, ಕಾಡುಪ್ರಾಣಿ ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಕಾಯ್ದೆ ಇರುವಾಗ ಮೊದಲನೆಯದು ಎರಡನೆಯದಕ್ಕೆ ಸಾಲದು.

ಈಡು ತುಂಬಿದ ಕೋವಿ ಹಿಡಿದು ನಡೆಯುವುದು, ಬೇಲಿ ಹಾರುವುದು, ಸಂಕ ದಾಟುವುದು, ಬೈಕಿನ ಹಿಂದೆ ಕೂರುವುದು, ಜೀಪಿನ ಸೀಟಿನ ಮೇಲೆ ಅಡ್ಡ ಹಾಕುವುದು, ಇದೆಲ್ಲ ಅಪಾಯ. ಅಗಳು ದಾಟುವ ಮೊದಲು ಕೋವಿ ತೆರೆದು ತೋಟಾ ತೆಗೆಯಿರಿ. ಇಬ್ಬರಿದ್ದರೆ ಒಬ್ಬರು ದಾಟಿದ ಮೇಲೆ ತೆರೆದ ಕೋವಿಯನ್ನು ಕೈಗೆ ಕೊಡಿ. ಒಬ್ಬರೇ ಇದ್ದರೆ ಆಚೆ ಬದಿ ನೆಲಕ್ಕಿಟ್ಟು ದಾಟಿ. ನಳಿಗೆಯ ಬಾಯಿ ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಲೇಬೇಡಿ.

‘ಸೇಫ್ಟಿ ಹಾಕಿದೆ ಬಿಡಿ’ ಅನ್ನುವವರಿಗೆ ಒಂದು ಮಾತು. ಬಹಳಷ್ಟು ಜೋಡುನಳಿಗೆ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಭಾಗ ಸವೆದಿದ್ದರೆ ಕೆಳಗೆ ಬಿದ್ದ ಏಟಿಗೂ ಈಡು ಹಾರಬಹುದು. ಹೊರಗೆ ಕುದುರೆ ಇರುವ ಹಳೇ ಕೋವಿಗಳಲ್ಲಿ ಇನ್ನೂ ಜಾಗ್ರತೆ ಬೇಕು. ಎತ್ತಿದ ಕುದುರೆಯನ್ನು ಹೆಬ್ಬೆರಳಿನಲ್ಲಿ ಇಳಿಸುವಾಗ ಕೈ ಒದ್ದೆಯಾಗಿದ್ದು ಜಾರಿದರೆ ಮುಗೀತು. ಮೊದಲು ತೋಟಾ ಹೊರಗೆ, ಆಮೇಲೆ ಕುದುರೆ ಕೆಳಗೆ. ಕೇಪಿನ ಕೋವಿಯನ್ನು ಸುಲಭವಾಗಿ ಖಾಲಿ ಮಾಡಲು ಆಗುವುದಿಲ್ಲ. ಹೊಡೆಯುವ ಗಳಿಗೆವರೆಗೆ ಕೇಪು ಹಚ್ಚಬೇಡಿ, ಆದರೂ ಅದು ತುಂಬಿದ ಕೋವಿ ಅಂತಲೇ ನೆನಪಿಡಿ.

ಮಳೆಯ ಸೀಮೆಯ ತೊಂದರೆಗಳು

ನಮ್ಮ ಥಂಡಿಗೆ ಕಾಗದದ ತೋಟಾ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಉಬ್ಬಿದ ತೋಟಾವನ್ನು ಒತ್ತಿ ತುರುಕಬೇಡಿ. ತಿಂಗಳುಗಟ್ಟಲೆ ಇಟ್ಟಿದ್ದ ಕೋವಿಯ ನಳಿಗೆಯೊಳಗೆ ಹುಳ ಗೂಡು ಕಟ್ಟಿರಬಹುದು, ಜಾರಿ ಬಿದ್ದಾಗ ಕೆಸರು ಹೊಕ್ಕಿರಬಹುದು. ಹಾಗೇ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ತೋಟಾ ಹಾಕುವ ಮೊದಲು ಕೋವಿ ತೆರೆದು, ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ.

ನಿಜವಾದ ಮಿಸ್ ಫೈರ್ ಆದರೆ, ಅಂದರೆ ಟ್ರಿಗರ್ ಎಳೆದರೂ ಹಾರದಿದ್ದರೆ, ಕೂಡಲೇ ತೆರೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಯಾರೂ ಇಲ್ಲದ ಕಡೆಗೆ ನಳಿಗೆ ಹಿಡಿದು ಒಂದು ನಿಮಿಷವಾದರೂ ಕಾದು, ಆಮೇಲೆ ತೋಟಾ ತೆಗೆಯಿರಿ.

ಸದ್ದಿಗೆ ಹೊಡೆಯುವ ಚಾಳಿ

ಪೊದೆ ಅಲ್ಲಾಡಿತು, ಹೊಡೆದೆ. ಹೋಗಿ ನೋಡಿದರೆ ಪಕ್ಕದ ತೋಟದವರು. ಮಲೆನಾಡಿನಲ್ಲಿ ಇಂಥ ಸಾವುಗಳಾಗಿವೆ. ಇದನ್ನು ಆಕಸ್ಮಿಕ ಅನ್ನಲು ನನಗೆ ಮನಸ್ಸಿಲ್ಲ. ಟಾರ್ಚ್ ಬೆಳಕಿನಲ್ಲಿ ಪೂರ್ತಿ ಕಾಣದ್ದಕ್ಕೆ, ಅದರ ಹಿಂದೆ ಏನಿದೆ ಅಂತ ಗೊತ್ತಿಲ್ಲದ್ದಕ್ಕೆ ನಳಿಗೆ ತಿರುಗಿಸಲೇಬಾರದು. ಎಲ್‌ಜಿ, ಎಸ್‌ಜಿ ಗುಂಡು ನೂರು ಮೀಟರ್ ಆಚೆಗೂ ಜೀವ ತೆಗೆಯಬಲ್ಲದು. ಇಲ್ಲಿ ನಮ್ಮ ಕೈಯಲ್ಲಿರುವ ಫೋನು ಉಪಯೋಗಕ್ಕೆ ಬರುತ್ತೆ. ಕಾವಲಿಗೆ ಹೊರಡುವ ಮೊದಲು ಅಕ್ಕಪಕ್ಕದವರ ವಾಟ್ಸಾಪ್ ಗುಂಪಿಗೆ ಹಾಕಿ: ಇಂಥ ಗದ್ದೆಯಲ್ಲಿದ್ದೇನೆ, ಇಷ್ಟು ಹೊತ್ತಿನವರೆಗೆ ಇರುತ್ತೇನೆ ಅಂತ. ಕೋವಿ ಕೈಯಲ್ಲಿರುವಾಗ ಮಾತ್ರ ಫೋನು ಜೇಬಿನಲ್ಲಿರಲಿ. ಕೋವಿ ಹಿಡಿದು ರೀಲ್ಸ್ ಮಾಡುವುದಂತೂ ಬೇಡವೇ ಬೇಡ.

ಮನೆಗೆ ಬಂದ ಮೇಲೆ

ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಬಂದು ಬಾಗಿಲ ಮೂಲೆಗೆ ಕೋವಿ ಒರಗಿಸಿ ಮಲಗುವುದು ನಮ್ಮ ದೊಡ್ಡ ತಪ್ಪು. ಮಕ್ಕಳು ಏಳುವುದು ನಮಗಿಂತ ಮೊದಲು. ಅಂಗಳದಲ್ಲೇ ಕೋವಿ ತೆರೆದು, ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ಖಾಲಿ ಅಂತ ಖಾತ್ರಿ ಮಾಡಿಕೊಳ್ಳಿ. ಕೋವಿ ಒಂದು ಬೀಗದೊಳಗೆ, ತೋಟಾ ಇನ್ನೊಂದು ಬೀಗದೊಳಗೆ ಇರಲಿ. ಎಣ್ಣೆ ಹಾಕಿ ಒರೆಸುವ ಮೊದಲೂ ಮತ್ತೊಮ್ಮೆ ತೆರೆದು ನೋಡಿ.

ಕಾನೂನೂ ಸುಮ್ಮನಿಲ್ಲ. 2019ರ ತಿದ್ದುಪಡಿ ಆದಮೇಲೆ, ಬೇರೆಯವರ ಜೀವಕ್ಕೆ ಅಪಾಯ ಆಗುವಂತೆ ಅಜಾಗರೂಕತೆಯಿಂದ ಕೋವಿ ಬಳಸಿದರೆ ಆಯುಧ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಶಿಕ್ಷೆ. ಆದರೆ ಒಂದೇ ಊರಿನಲ್ಲಿ ಆ ಮನೆಯವರ ಮುಖ ನೋಡಿಕೊಂಡು ಬದುಕುವುದಿದೆಯಲ್ಲ, ಅದು ಯಾವ ಸೆಕ್ಷನ್ನಿಗಿಂತಲೂ ದೊಡ್ಡದು.

ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಮುಂದಿನ ಶಿಬಿರ ಯಾವಾಗ ಅಂತ ನಿಮ್ಮ ಠಾಣೆಯಲ್ಲಿ ಈ ವಾರವೇ ವಿಚಾರಿಸಿ. ಗದ್ದೆ ಕಟಾವಿಗೆ ಬರುವವರೆಗೆ ಕಾಯಬೇಡಿ.